ಫಕೀರವ್ವನ ಮನೆಯ ಹಾಲು ಉಕ್ಕಬೇಕು

ಹುಬ್ಬಳ್ಳಿ, ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರ ಎಪ್ಪತ್ತೆಂಟನೇ ಇಸವಿ

ಹಿಂದಿನವರಿಗೆ ನೀಲಾಂಬಿಕೆ ಹಾರ್ಪರ್ ಮಾಡುವ ನಮಸ್ಕಾರಗಳು.

ತಾರೀಖು ತಪ್ಪಾಗಿ ಬರೆದಿಲ್ಲ, ಎರಡು ಸಲ ಚೆಕ್ ಮಾಡಿದ್ದೇನೆ. ನಿಮ್ಮ ಫೆಬ್ರವರಿ ಇಪ್ಪತ್ತೆಂಟಕ್ಕೇ ಸುಸ್ತಾಗಿ ಕೂತುಬಿಡುತ್ತಿತ್ತಂತೆ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳು ಮಾರ್ಚ್ ಮುಗಿದು ಏಪ್ರಿಲ್ ಹುಟ್ಟುವುದರ ನಡುವೆ, ಯಾವ ತಿಂಗಳಿಗೂ ಸೇರದೆ ಬರುತ್ತವೆ. ಅವುಗಳಿಗೆ ಬಿಡುದಿನ ಎಂದು ಹೆಸರು. ಆಗ ಆಫೀಸಿಲ್ಲ, ಕಾಲೇಜಿಲ್ಲ, ಹಾಸ್ಟೆಲ್ ಅಡುಗೆಮನೆಯೂ ಇಲ್ಲ, ಎಲ್ಲರೂ ಅವರವರ ಮನೆಗೆ ಹೋಗುತ್ತಾರೆ. ಈ ಬಿಡುದಿನ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ನನ್ನ ಕನ್ನಡಕ್ಕೂ ಮೊದಲೇ ಸಾರಿ ಕೇಳಿಬಿಡುತ್ತೇನೆ. ಅವ್ವ ಗದಗದವಳು. ಅಪ್ಪನ ಮಂದಿ ಇಂಗ್ಲೆಂಡಿನ ಪೂರ್ವದ ದಂಡೆ ಮುಳುಗಿದಾಗ ಹಡಗು ಹತ್ತಿ ಬಂದವರು. ಇಬ್ಬರೂ ಕಾರವಾರದಾಚೆ ಸಮುದ್ರದ ಮೇಲೆ ಕರೆಂಟು ಮಾಡುವ ಗಾಳಿಕಂಬಗಳಲ್ಲಿ ರಿಪೇರಿ ಕೆಲಸ ಮಾಡುತ್ತಾರೆ. ಅಲ್ಲಿ ಮಕ್ಕಳಿರುವಂತಿಲ್ಲ. ಹಾಗಾಗಿ ನಾನು ಐದನೇ ವಯಸ್ಸಿನಿಂದ ಹಾಸ್ಟೆಲ್ಲಿನ ಕೂಸು. ನನ್ನ ಕನ್ನಡದ ಒಂದು ಕಾಲು ಪುಸ್ತಕದಲ್ಲಿದೆ, ಇನ್ನೊಂದು ಕಾಲು ಹಾಸ್ಟೆಲ್ ಡೈನಿಂಗ್ ಹಾಲಿನಲ್ಲಿದೆ, ಗಾಬರಿಯಾದರೆ ಎರಡೂ ಜಾರಿ ಇಂಗ್ಲಿಷಿನಲ್ಲಿ ಬೀಳುತ್ತೇನೆ. ಗಾಬರಿ ನನಗೆ ಬೇಗ ಆಗುತ್ತದೆ.

ಈ ಪತ್ರಕ್ಕೆ ಹಿಂದೋಲೆ ಎನ್ನುತ್ತಾರೆ, ಅಂದರೆ ಮುಂದಿನವರು ಹಿಂದಿನವರಿಗೆ ಬರೆಯುವ ಓಲೆ. ವಸತಿ ವಿದ್ಯೆ ಓದುವ ಫಸ್ಟ್ ಇಯರ್‌ನವರೆಲ್ಲ ಒಂದೊಂದು ಬರೆಯಬೇಕು. ಅದು ನಿಮಗೆ ತಲುಪುತ್ತದೋ ಇಲ್ಲವೋ ನಮ್ಮ ಮೇಡಂಗೂ ಗೊತ್ತಿಲ್ಲ. ತಲುಪೇ ತಲುಪುತ್ತದೆ ಅಂದುಕೊಂಡು ಬರೆಯಿರಿ, ಆಗ ಕೈ ಸುಳ್ಳು ಬರೆಯುವುದಿಲ್ಲ ಎಂದರು. ಅವತ್ತಿನಿಂದ ನನಗೆ ನಿಮ್ಮದೇ ಟೆನ್ಶನ್.

ಮೊದಲು ನಮ್ಮ ಊರು ಹೇಗಿದೆ ಹೇಳುತ್ತೇನೆ. ಹುಬ್ಬಳ್ಳಿ ಧಾರವಾಡ ಈಗ ನಡುವೆ ಒಂದು ಹೊಲವೂ ಇಲ್ಲದ ಹಾಗೆ ಒಂದೇ ಊರಾಗಿದೆ. ಹಾಗೆಂದು ಧಾರವಾಡದವರ ಮುಂದೆ ಹೇಳಬಾರದು. ಈ ಊರಿನಲ್ಲಿ ಊರಮನೆಗಳಿವೆ. ಊರಮನೆ ಎಂದರೆ ಊರೇ ಮಾಲೀಕನಾಗಿರುವ ಮನೆ. ಅದನ್ನು ಮಾರುವಂತಿಲ್ಲ, ಕೊಳ್ಳುವಂತಿಲ್ಲ, ಉಸಿರಿರುವವರೆಗೂ ಇರಬಹುದು. ದುಡಿದದ್ದರಲ್ಲಿ ಒಂದು ಸಣ್ಣ ಪಾಲು ಬಾಡಿಗೆ ಕೊಡಬೇಕು. ದುಡಿಮೆ ಇಲ್ಲದ ತಿಂಗಳು ಯಾರೂ ಬಾಡಿಗೆ ಕೇಳಲು ಬರುವುದಿಲ್ಲ. ಇವನ್ನು ಊರಾಚೆ ಕಟ್ಟುವುದು ಕಾನೂನಿನ ಪ್ರಕಾರ ತಪ್ಪು. ಮಾರ್ಕೆಟ್ಟು, ಆಸ್ಪತ್ರೆ, ಸ್ಟೇಷನ್ನು, ಎಲ್ಲಿ ಕೆಲಸವಿದೆಯೋ ಅಲ್ಲೇ ಕಟ್ಟಬೇಕು. ನಿಮ್ಮ ಕಾಲದಲ್ಲಿ ಬಸ್ಸೂ ಹೋಗದ ಕಡೆ ಮನೆ ಕಟ್ಟಿ ಕೊಟ್ಟು, ಜನ ಅದಕ್ಕೆ ಬೀಗ ಹಾಕಿ, ಕೆಲಸ ಸಿಗುವ ಸೇತುವೆಯ ಕೆಳಗೇ ಬಂದು ಮಲಗುತ್ತಿದ್ದರೆಂದು ನಮಗೆ ಪಾಠವಿದೆ. ಅವರಿಗೆ ಮನೆಯ ಬೆಲೆ ಗೊತ್ತಿಲ್ಲ ಎಂದು ಬೈಯುತ್ತಿದ್ದರಂತೆ.

ಇನ್ನೊಂದು, ಖಾಲಿ ದೀಪ. ಯಾರೂ ವಾಸವಿಲ್ಲದ ಮನೆಯ ಬಾಗಿಲ ಮೇಲೆ ಒಂದು ಹಳದಿ ದೀಪ ತಾನಾಗಿ ಹೊತ್ತಿಕೊಳ್ಳುತ್ತದೆ. ಮಾಲೀಕ ಅದನ್ನು ಆರಿಸುವಂತಿಲ್ಲ. ವರ್ಷವಿಡೀ ಉರಿದರೆ ಊರು ಆ ಮನೆಯನ್ನು ಬಾಡಿಗೆಗೆ ಹಿಡಿದು ಮನೆಯಿಲ್ಲದವರಿಗೆ ಕೊಡುತ್ತದೆ. ನಿಮ್ಮ ಕಾಲದಲ್ಲಿ ಬೀಗ ಹಾಕಿದ ಮನೆಗಳು ಕತ್ತಲಲ್ಲಿರುತ್ತಿದ್ದುದರಿಂದ ಎಷ್ಟಿವೆ ಎಂದು ಯಾರಿಗೂ ಕಾಣುತ್ತಿರಲಿಲ್ಲವಂತೆ. ದೀಪ ಹಚ್ಚಿದ ಮೊದಲ ಸಂಜೆ ಜನ ಮಹಡಿ ಹತ್ತಿ ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡರು ಎಂದು ನಮ್ಮ ವಾರ್ಡನ್ನಿನ ಅಜ್ಜಿ ಹೇಳುತ್ತಿದ್ದರಂತೆ. ಈಗ ಅದು ಬೈಗುಳವೂ ಆಗಿದೆ. ಕ್ಲಾಸಿನಲ್ಲಿ ಉತ್ತರ ಗೊತ್ತಾಗದೆ ಯಾರಾದರೂ ಎದ್ದು ನಿಂತರೆ ಹಿಂದಿನ ಬೆಂಚಿನಿಂದ “ಖಾಲಿ ದೀಪ ಹತ್ತೇತಿ ನೋಡ್ರಲೇ!” ಎಂದು ಕೂಗುತ್ತಾರೆ. ನನ್ನ ತಲೆಯ ಮೇಲೆ ಆಗಾಗ ಹತ್ತುತ್ತದೆ.

ಹಾಗೆಂದು ಎಲ್ಲರಿಗೂ ಮನೆ ಸಿಕ್ಕಿಬಿಟ್ಟಿದೆ ಎಂದುಕೊಳ್ಳಬೇಡಿ, ಪ್ಲೀಸ್. ಮುಳುಗಿದ ಊರುಗಳಿಂದ ಜನ ಬರುತ್ತಲೇ ಇದ್ದಾರೆ, ಊರ ನಡುವಿನ ಜಾಗವನ್ನು ನಿಮ್ಮವರು ಬಹಳಷ್ಟು ಮಾರಿಬಿಟ್ಟಿದ್ದರು, ವಾಪಸ್ ಪಡೆಯಲು ಎರಡು ತಲೆಮಾರು ಹಿಡಿಯಿತು. ಇನ್ನೂ ಸಾವಿರಾರು ಜನ ಕಾಯುತ್ತಿದ್ದಾರೆ. ನಾವು ಅವರನ್ನು ನಿರ್ಗತಿಕರು ಎನ್ನುವುದಿಲ್ಲ, ಸರದಿಯವರು ಎನ್ನುತ್ತೇವೆ. ಸರದಿ ಬರುವವರೆಗೆ ದಾರಿಮನೆಯಲ್ಲಿರುತ್ತಾರೆ. ದಾರಿಮನೆಯಲ್ಲಿ ಮಂಚವಿದೆ, ಬಿಸಿನೀರಿದೆ, ಎರಡು ಹೊತ್ತು ಊಟವಿದೆ, ಒಳಗಿನಿಂದ ಚಿಲಕ ಹಾಕಿಕೊಳ್ಳುವ ಬಾಗಿಲು ಮಾತ್ರ ಇಲ್ಲ. ಇದನ್ನು ಬರೆಯುವಾಗ ನನಗೆ ಹೊಳೆಯಿತು, ಅದು ಹೆಚ್ಚುಕಡಿಮೆ ನಮ್ಮ ಹಾಸ್ಟೆಲ್ಲಿನ ಹಾಗೇ ಇದೆ.

ಇನ್ನು ಹಾಲಿನ ವಿಷಯ. ಹೊಸ ಮನೆ ಹೊಕ್ಕಾಗ ಹಾಲು ಉಕ್ಕಿಸುವುದು ನಿಮ್ಮಲ್ಲೂ ಇತ್ತು. ನಿಮಗೆ ಅದು ಶಾಸ್ತ್ರ, ನಮಗೆ ಕಾನೂನು. ಊರಮನೆಗಳ ಶುರುವಿನ ಕಾಲದಲ್ಲಿ ದೊಡ್ಡವರು ವೇದಿಕೆಯ ಮೇಲೆ ಆಳೆತ್ತರದ ರಟ್ಟಿನ ಕೀಲಿ ಕೊಟ್ಟು ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಜನ ಹೋಗಿ ನೋಡಿದರೆ ಮನೆಗೆ ನೀರಿಲ್ಲ, ಒಲೆಯಿಲ್ಲ, ಕಿಟಕಿಗೆ ಬಾಗಿಲಿಲ್ಲ. ಕಾಗದದಲ್ಲಿ ಮಾತ್ರ ಕೊಟ್ಟಾಗಿದೆ. ಆಗ ಸರದಿಯವರೇ ಸೇರಿ ಹಟ ಹಿಡಿದರು. ಕೀಲಿ ನಮಗೆ ಲೆಕ್ಕಕ್ಕಿಲ್ಲ, ನಮ್ಮ ಕೈಯಾರೆ ಆ ಮನೆಯ ಒಲೆಯ ಮೇಲೆ ಹಾಲು ಉಕ್ಕಬೇಕು, ಅಕ್ಕಪಕ್ಕದವರು ನೋಡಬೇಕು, ಆಮೇಲೇ ಮನೆ ಕೊಟ್ಟ ಹಾಗೆ ಎಂದರು. ಯೋಚನೆ ಮಾಡಿ. ಹಾಲು ಉಕ್ಕಬೇಕಾದರೆ ಒಲೆ ಉರಿಯಬೇಕು, ಪಾತ್ರೆ ತೊಳೆಯಲು ನೀರು ಬರಬೇಕು, ಉರಿ ಆರದ ಹಾಗೆ ಗೋಡೆ, ಸೂರು ಇರಬೇಕು, ನೋಡಲು ನೆರೆಯವರಿರಬೇಕು. ಇಷ್ಟಿದ್ದರೆ ಅದು ಮನೆ. ನನಗಂತೂ ನಮ್ಮ ಸಿಲಬಸ್ಸಿನಲ್ಲೇ ಇದಕ್ಕಿಂತ ಚೆಂದದ ಕಾನೂನು ಸಿಕ್ಕಿಲ್ಲ.

ನಿಯಮ ಹೀಗಿದೆ. ಮನೆ ಪಡೆಯುವವರೇ ಒಲೆಯ ಬಳಿ ನಿಂತು ಹಾಲಿಡಬೇಕು, ಬೇರೆಯವರು ಮುಟ್ಟುವಂತಿಲ್ಲ. ನೆರೆಯವರೊಬ್ಬರು ಇರಬೇಕು. ಒಬ್ಬ ಸಾಕ್ಷಿ ಇರಬೇಕು. ಸಾಕ್ಷಿ ಯಾವತ್ತೂ ನಮ್ಮ ಕಾಲೇಜಿನ ಫಸ್ಟ್ ಇಯರ್‌ನವರೇ, ಏಕೆಂದರೆ ನಮಗೆ ಊರಿನಲ್ಲಿ ಇನ್ನೂ ಯಾರ ಮುಲಾಜೂ ಇರುವುದಿಲ್ಲ. ಹಾಲು ಉಕ್ಕುವವರೆಗೂ ಸಾಕ್ಷಿ ಬಾಯಿ ಬಿಡಬಾರದು, ಉಕ್ಕಿದ ಮೇಲೆ ಗಟ್ಟಿಯಾಗಿ “ಉಕ್ಕಿತು” ಎನ್ನಬೇಕು. ಆ ಕ್ಷಣದಿಂದ ಮನೆ ಅವರದು. ಮಧ್ಯಾಹ್ನದ ಭೋಂಗಾ, ಅಂದರೆ ಊರಿನ ಸೈರನ್, ಕೂಗುವುದರೊಳಗೆ ಉಕ್ಕದಿದ್ದರೆ, ಮನೆಯಲ್ಲೇ ಏನೋ ಐಬಿದೆ ಎಂದು ಅರ್ಥ. ಎಂಜಿನಿಯರುಗಳು ಬಂದು ಮುಚ್ಚಿ, ಮಳೆಗಾಲ ಕಳೆಯುವವರೆಗೂ ಪರೀಕ್ಷೆ ಮಾಡುತ್ತಾರೆ. ಬಂದವರು ದಾರಿಮನೆಗೆ ವಾಪಸ್. ಜನರ ಒಳ್ಳೆಯದಕ್ಕೇ ಮಾಡಿದ ನಿಯಮ. ಆದರೆ ಅದನ್ನು ಮಾಡಿದವರು ಫಕೀರವ್ವನಂಥವರೂ ಬರಬಹುದು ಎಂದು ಅಂದುಕೊಂಡಿರಲಿಲ್ಲ.

ಮೊನ್ನೆ ನನ್ನ ಸಾಕ್ಷಿ ಪಾಳಿ ಬಂತು. ದುರ್ಗದಬೈಲು ಮಾರ್ಕೆಟ್ಟಿನ ಹಿಂದೆ, ಊರಮನೆಯ ಮೊದಲ ಮಹಡಿ. ಮನೆ ಕೊಡಿಸಲು ಊರಿನ ಕಡೆಯಿಂದ ಬಂದವರು ಮುದಕಪ್ಪ ಎಂಬ ನೌಕರರು, ನಿಯಮ ಎಂದರೆ ಬೆವರುವ ಮನುಷ್ಯ. ಪಕ್ಕದ ಮನೆಯಿಂದ ಹುಸೇನಬಿ ಬಂದಿದ್ದರು, ಅವರ ಬಾಯಿಗೆ ಹೆದರಿ ಆ ಮಹಡಿಯ ಬೆಕ್ಕುಗಳೂ ಮೆಲ್ಲಗೆ ನಡೆಯುತ್ತವೆ. ಮನೆ ಪಡೆಯುವವರು ಫಕೀರವ್ವ. ಅರವತ್ತು ದಾಟಿದ್ದಾರೆ. ಸ್ಟೇಷನ್ ಬಳಿಯ ಸೇತುವೆಯ ಕೆಳಗೆ ಹುಟ್ಟಿ, ಅದರ ಕೆಳಗೇ ಚಹಾ ಮಾರಿ, ಗಂಡನನ್ನೂ ಅಲ್ಲಿಂದಲೇ ಮಣ್ಣಿಗೆ ಕಳಿಸಿಕೊಟ್ಟವರು. ಆಮೇಲೆ ದಾರಿಮನೆಯಲ್ಲಿ ಒಂಬತ್ತು ವರ್ಷ ಸರದಿ ಕಾದಿದ್ದಾರೆ. ಅವರ ಆಸ್ತಿ ಎಂದರೆ ಒಂದು ತಗಡಿನ ಟ್ರಂಕು. ಅದನ್ನು ಹೊಸ್ತಿಲ ಹೊರಗೇ ಇಟ್ಟಿದ್ದರು. ಒಳಗಿಡಿ ಎಂದು ಮುದಕಪ್ಪ ಹೇಳಿದರೆ “ಇನ್ನಾ ನಮ್ಮದಾಗಿಲ್ಲಲ್ರೀ” ಎಂದರು.

ನಮ್ಮ ಒಲೆಗಳಿಗೆ ಒಂದು ಕಣ್ಣಿರುತ್ತದೆ. ಹಾಲು ಏರುವುದು ಕಂಡರೆ ತಾನೇ ಉರಿ ತಗ್ಗಿಸುತ್ತದೆ. ಅದಕ್ಕೇ ನನ್ನ ವಯಸ್ಸಿನ ಎಷ್ಟೋ ಜನ ಹಾಲು ಉಕ್ಕುವುದನ್ನು ನೋಡಿಯೇ ಇಲ್ಲ. ನಾನೂ ನೋಡಿರಲಿಲ್ಲ. ನಮ್ಮ ಹಾಸ್ಟೆಲ್ಲಿನಲ್ಲಿ ಹಾಲು ನಲ್ಲಿಯಿಂದ ಬರುತ್ತದೆ. ಮನೆ ಕೊಡುವ ದಿನ ಮಾತ್ರ ಒಲೆಯ ಕಣ್ಣಿನ ಮೇಲೆ ಅರಿಶಿನದ ಬೊಟ್ಟು ಇಟ್ಟು ಅದನ್ನು ಕುರುಡು ಮಾಡುತ್ತಾರೆ. ಮುದಕಪ್ಪ ಬೊಟ್ಟು ಇಟ್ಟರು. ಫಕೀರವ್ವ ಪಾತ್ರೆ ತೊಳೆದು, ಸೆರಗಿನಿಂದ ಒರೆಸಿ, ಹಾಲು ಹುಯ್ದು ಒಲೆ ಹಚ್ಚಿದರು. ಎಲ್ಲ ಸರಿಯಾಗಿತ್ತು. ಹಾಲಿನ ಅಂಚಿನಲ್ಲಿ ಸಣ್ಣ ಗುಳ್ಳೆ ಬಂತು, ಕೆನೆ ಸುಕ್ಕಾಯಿತು, ಹಾಲು ಎದ್ದು ನಿಂತಿತು. ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಫಕೀರವ್ವನ ಬಲಗೈ ಹೋಗಿ ಉರಿ ತಗ್ಗಿಸಿಬಿಟ್ಟಿತು. ಹಾಲು ಇಳಿದು ತೆಪ್ಪಗೆ ಮಲಗಿತು. ನನಗಿಂತ ಹೆಚ್ಚು ಗಾಬರಿಯಾದವರು ಫಕೀರವ್ವನೇ. ತಮ್ಮ ಕೈಯನ್ನು ಯಾರದೋ ಕೈ ಎನ್ನುವ ಹಾಗೆ ನೋಡಿಕೊಂಡರು.

“ಏನ ಬೇ ಫಕೀರವ್ವಾ, ಮನಿ ಹೊಗಾಕ ಬಂದಿಯೋ ಚಾ ಮಾರಾಕ ಬಂದಿಯೋ?” ಎಂದು ಹುಸೇನಬಿ ಬಾಗಿಲಿಗೊರಗಿ ನಕ್ಕರು. ಎರಡನೇ ಸಲ ಫಕೀರವ್ವ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತರು. ಹಾಲು ಏರಿತು. ಅವರು ಬಗ್ಗಿ ‘ಉಫ್’ ಎಂದು ಊದಿಬಿಟ್ಟರು. ಅದು ಮತ್ತೆ ಇಳಿಯಿತು. ಮೂರನೇ ಸಲ ಕಣ್ಣು ಮುಚ್ಚಿಕೊಂಡರು. ಆದರೆ ಏರುವ ಹಾಲಿಗೆ ಒಂದು ದನಿ ಇದೆಯಂತೆ, ಅದು ನಮಗ್ಯಾರಿಗೂ ಕೇಳಿಸಲಿಲ್ಲ, ಅವರ ಕಿವಿಗೆ ಕೇಳಿಸಿತು. ಸೆರಗು ಬಿಡಿಸಿಕೊಂಡು ಕೈ ಮತ್ತೆ ಒಲೆಗೆ ಹೋಯಿತು. ಅಷ್ಟರಲ್ಲಿ ಹಾಲು ಕುದಿದು ಕುದಿದು ತಳ ಸೇರಿತ್ತು. “ಇನ್ನೊಂದೆರಡು ಸಲ ಹಿಂಗ ಮಾಡು, ಬಾಸುಂದಿ ಆಗ್ತೈತಿ. ಸಕ್ಕರಿ ನಾ ತರ್ತೀನಿ” ಎಂದ ಹುಸೇನಬಿ, ಸಕ್ಕರೆ ತರಲಿಲ್ಲ, ತಮ್ಮ ಮನೆಯ ಹಾಲಿನ ತಂಬಿಗೆಯನ್ನೇ ತಂದು ಪಾತ್ರೆಗೆ ಸುರಿದರು.

“ಏನ ಮಾಡ್ಲಿ ಹೇಳ್ರಿ” ಎಂದರು ಫಕೀರವ್ವ. “ಹುಡುಗಿ ಇದ್ದಾಗಿಂದ ಹಾಲ ಕಾಸೀನಿ. ಒಂದ ದಿನಾ ಉಕ್ಕಾಕ ಬಿಟ್ಟಿಲ್ಲ. ಉಕ್ಕಿತಂದ್ರ ಅವತ್ತಿನ ಊಟಾ ನೆಲಕ್ಕ ಬಿದ್ದಂಗ. ಚೆಲ್ಲೂವಷ್ಟು ನನ್ನ ಹತ್ರ ಯಾವತ್ತ ಇತ್ರೀ?” ಮುದಕಪ್ಪ ಹಣೆ ಒರೆಸಿಕೊಂಡು “ಯವ್ವಾ, ಒಲಿ ಛಲೋ ಐತಿ, ಮನಿ ಛಲೋ ಐತಿ, ಆದ್ರ ಭೋಂಗಾ ಕೂಗಿತಂದ್ರ ಎಲ್ಲಾ ಕೆಟ್ಟೈತಿ ಅಂತ ಬರೀಬೇಕಾಗ್ತೈತಿ ನಾ” ಎಂದರು. ಆಮೇಲೆ ನನ್ನ ಕಡೆ ಒಮ್ಮೆ ನೋಡಿ, ಕಿಟಕಿಯ ಕಡೆ ತಿರುಗಿ, ಹೊರಗೆ ಏನೋ ಬಹಳ ಚೆಂದದ್ದಿದೆ ಎನ್ನುವ ಹಾಗೆ ನಿಂತುಕೊಂಡರು. ಅದರ ಅರ್ಥ ನನಗಾಯಿತು. ನಾನು ಸುಮ್ಮನೆ ‘ಉಕ್ಕಿತು’ ಎಂದುಬಿಟ್ಟರೆ ಅವರು ತಿರುಗಿ ನೋಡುತ್ತಿರಲಿಲ್ಲ.

ಹೇಳಬೇಕು ಎಂದು ನಾಲಿಗೆ ತುದಿಗೆ ಬಂದಿತ್ತು. ಯಾರಿಗೆ ನಷ್ಟ? ಮನೆಯಲ್ಲಿ ಐಬೇನೂ ಇರಲಿಲ್ಲ. ಆದರೆ ನೋಡಿ, ನಾನು ಇಂದು ಒಳ್ಳೆಯ ಮನಸ್ಸಿನಿಂದ ಹೇಳಿದ್ದನ್ನು ನಾಳೆ ಇನ್ನೊಬ್ಬ ಸಾಕ್ಷಿ ಹೆದರಿಕೆಯಿಂದ ಹೇಳುತ್ತಾನೆ, ನಾಡಿದ್ದು ಮತ್ತೊಬ್ಬ ನೀರಿಲ್ಲದ ಮನೆಯಲ್ಲಿ, ಒಲೆಯಿಲ್ಲದ ಮನೆಯಲ್ಲಿ ಹೇಳುತ್ತಾನೆ. ಆಗ ಆ ರಟ್ಟಿನ ಕೀಲಿಗೂ ನಮ್ಮ ಹಾಲಿಗೂ ಏನು ವ್ಯತ್ಯಾಸ? ಇದೆಲ್ಲ ಅಲ್ಲಿ ಇಷ್ಟು ನೀಟಾಗಿ ಹೊಳೆಯಲಿಲ್ಲ. ಅಲ್ಲಿ ಬೆವರುತ್ತಿದ್ದೆ, ಅಷ್ಟೇ. ತುಟಿ ಕಚ್ಚಿಕೊಂಡು ನಿಂತೆ.

ಫಕೀರವ್ವ ನಾಲ್ಕನೇ ಸಲ ಒಲೆ ಹಚ್ಚಿದರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಹಾಲನ್ನು ನೋಡಬಾರದೆಂದು ನನ್ನ ಮುಖ ನೋಡಿದರು. ನೋಡಿ ಸುಮ್ಮನಿರಲು ಅವರಿಗೆ ಬರುವುದಿಲ್ಲ, ಜೀವನವಿಡೀ ಗಿರಾಕಿಗಳನ್ನು ಮಾತಾಡಿಸಿದವರು. “ನೀ ಯಾಕ ಯವ್ವಾ ಇಷ್ಟ ಬೆವರಾಕತ್ತಿ? ಉಂಡಿಲ್ಲೇನು?” ಎಂದರು. ನಾನು ಮಾತಾಡುವಂತಿರಲಿಲ್ಲ, ತಲೆಯಾಡಿಸಿದೆ. “ನಿಮ್ಮ ಮನಿ ಎಲ್ಲೈತಿ?” ಎಂದರು. ಇದಕ್ಕೆ ತಲೆಯನ್ನು ಹೇಗೆ ಆಡಿಸುವುದು? “ಹಾಸ್ಟೆಲ್ ಹುಡುಗಿರೀ ಅಕಿ” ಎಂದು ಮುದಕಪ್ಪ ಕಿಟಕಿಯಿಂದಲೇ ಹೇಳಿದರು. “ಅದು ಇರೂ ಜಾಗಾ ಆತು. ನಾ ಕೇಳಿದ್ದು ಮನಿ. ಬಿಡುದಿನಕ್ಕ ಎಲ್ಲೀಗ ಹೋಗ್ತಾಳ ಈ ಕೂಸು?” ಎಂದರು ಫಕೀರವ್ವ.

ನನ್ನ ಬಿಡುದಿನಗಳ ಬಗ್ಗೆ ನಿಮಗೆ ಹೇಳಿಲ್ಲ. ಗಾಳಿಕಂಬದಿಂದ ಅಪ್ಪ ಅವ್ವ ಫೋನ್ ಮಾಡುತ್ತಾರೆ. ನಾನು ವಾಚ್‌ಮನ್ ಕಾಕಾ ಕೊಡುವ ಬ್ರೆಡ್ಡು ತಿಂದು, ಖಾಲಿ ಹಾಸ್ಟೆಲ್ಲಿನಲ್ಲಿ ಮಂಚದಿಂದ ಮಂಚಕ್ಕೆ ಬದಲಾಯಿಸಿಕೊಂಡು ಮಲಗುತ್ತೇನೆ. ಕೆಟ್ಟದೇನಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೇ. ಕೇಳಿದ ತಕ್ಷಣ ಕಣ್ಣಿನಲ್ಲಿ ನೀರು ಬಂದುಬಿಟ್ಟಿತು. ಸಾಕ್ಷಿಯಾಗಿ ಬಂದವಳು ಅಳುತ್ತಾ ನಿಂತರೆ ಹೇಗೆ, ಒರೆಸಿಕೊಂಡಷ್ಟೂ ಬಂತು. “ಅಯ್ಯ ನನ್ನವ್ವಾ!” ಎಂದು ಫಕೀರವ್ವ ಒಲೆ ಬಿಟ್ಟು ಪೂರ್ತಿ ನನ್ನ ಕಡೆ ತಿರುಗಿದರು. ಬೆನ್ನ ಹಿಂದಿನ ಕೈಗಳು ಬಿಚ್ಚಿಕೊಂಡವು. ಅವು ಒಲೆಯ ಕಡೆ ಹೋಗಲಿಲ್ಲ. ನನ್ನ ಎರಡೂ ಕೆನ್ನೆಗಳ ಮೇಲೆ ಬಂದವು.

ಅವರ ಹಿಂದೆ ‘ಚುಂಯ್’ ಎಂದಿತು.

ಹಾಲು ಪಾತ್ರೆಯ ಕಂಠ ದಾಟಿ, ಒಲೆಯ ಮೇಲೆ ಹರಿದು, ಕಟ್ಟೆಯಿಂದ ನೆಲಕ್ಕೆ ಇಳಿಯಿತು. ಸುಟ್ಟ ಹಾಲಿನ ವಾಸನೆ ಮನೆ ತುಂಬಿತು. ನಾನು ಅಷ್ಟು ದಿನ ಕನ್ನಡಿ ಮುಂದೆ ಪ್ರಾಕ್ಟೀಸ್ ಮಾಡಿದ್ದ ಒಂದೇ ಒಂದು ಶಬ್ದ ಹೇಳಬೇಕಿತ್ತು. ನಾನು “ಓವರ್‌ಫ್ಲೋ!” ಎಂದು ಕಿರುಚಿದೆ.

ಎಲ್ಲರೂ ನನ್ನ ಮುಖ ನೋಡಿದರು. ಮುದಕಪ್ಪ “ತಂಗೀ, ನಿಯಮದಾಗ ‘ಉಕ್ಕಿತು’ ಅಂತ ಐತಿ...” ಎಂದರು. “ಏ ಸುಮ್ನಿರೋ ಮಾರಾಯಾ” ಎಂದರು ಹುಸೇನಬಿ, “ಹಾಲ ನೆಲಕ್ಕ ಬಿದ್ದೈತಿ. ಅದು ಬೀಳಬೇಕಾದ್ರ ಇಂಗ್ಲಿಷ್‌ದಾಗ ಬಿತ್ತೋ ಕನ್ನಡದಾಗ ಬಿತ್ತೋ, ಬಗ್ಗಿ ಕೇಳ್ತೀಯೇನು?” ಅಷ್ಟರಲ್ಲಿ ನನಗೆ ಕನ್ನಡ ವಾಪಸ್ ಬಂತು. ಉಕ್ಕಿತು, ಉಕ್ಕಿತು ಎಂದು ಸುಮ್ಮನಾಗದೆ ಹೇಳುತ್ತಲೇ ಇದ್ದೆ. ಆಮೇಲೆ ಯಾವಾಗಲೋ ಭೋಂಗಾ ಕೂಗಿತು. ಫಕೀರವ್ವ ನೆಲದ ಮೇಲೆ ಕೂತು, ಚೆಲ್ಲಿದ ಹಾಲನ್ನು ಒರೆಸದೆ, ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ನಗುತ್ತಿದ್ದರೋ ಅಳುತ್ತಿದ್ದರೋ ನಾನು ಸಾಕ್ಷಿ ಹೇಳಲಾರೆ. ಸ್ವಲ್ಪ ಹೊತ್ತಿಗೆ ತಲೆಯೆತ್ತಿ, “ಯವ್ವಾ, ಆ ಟ್ರಂಕ್ ಒಳಗ ತಗೊಂಡ ಬಾ” ಎಂದರು. ಎತ್ತಿಕೊಂಡು ತಂದೆ. ಬಹಳ ಹಗುರವಾಗಿತ್ತು.

ಹಿಂದಿನವರೇ, ನನ್ನ ವಿನಂತಿ ಸಣ್ಣದು. ನಿಮ್ಮ ಕಾಲದಲ್ಲೂ ಯಾರೋ ಎಲ್ಲೋ ಮನೆ ಕಟ್ಟುತ್ತಿರುತ್ತಾರೆ, ಯಾರಿಗೋ ಕೊಡುತ್ತಿರುತ್ತಾರೆ. ಅಷ್ಟು ಸಾಲುವುದಿಲ್ಲ, ಇನ್ನೂ ಹೆಚ್ಚು ಕಟ್ಟಿ. ಊರ ನಡುವಿನ ಜಾಗವನ್ನು ದಯವಿಟ್ಟು ಮಾರಬೇಡಿ, ಅದಕ್ಕಾಗಿ ಇನ್ನೂ ಹುಟ್ಟದ ಸರದಿಯವರು ಕಾಯುತ್ತಿದ್ದಾರೆ. ಕೊಡುವ ದಿನ ಕೀಲಿ ಹಿಡಿದು ಫೋಟೋ ತೆಗೆಸಿಕೊಂಡು ಹೊರಟುಬಿಡಬೇಡಿ. ಒಳಗೆ ಬನ್ನಿ, ಒಲೆಯ ಬಳಿ ನಿಲ್ಲಿ, ತಡವಾದರೂ ನಿಲ್ಲಿ. ಬೀದಿಯಲ್ಲಿ ಬದುಕಿದವರ ಕೈಗೆ ಇದು ತಮ್ಮ ಮನೆ ಎಂದು ನಂಬಿಕೆ ಬರಲು ಹೊತ್ತು ಹಿಡಿಯುತ್ತದೆ. ಆ ಹೊತ್ತು ಅವರದೇ, ಅದನ್ನೂ ಮನೆಯ ಜೊತೆ ಕೊಡಿ.

ಇನ್ನು ನನ್ನ ವಿಷಯ. ಬಿಡುದಿನಕ್ಕೆ ಇನ್ನು ಒಂದು ತಿಂಗಳಿದೆ. ಈ ಸಲ ಹಾಸ್ಟೆಲ್ಲಿನಲ್ಲಿ ಇರುವುದಿಲ್ಲ ಎಂದು ವಾಚ್‌ಮನ್ ಕಾಕಾಗೆ ಹೇಳಿದ್ದೇನೆ, ಅವರು ನಂಬಲಿಲ್ಲ. ಅವತ್ತು ಹೊರಡುವಾಗ ಫಕೀರವ್ವ ಬಾಗಿಲವರೆಗೂ ಬಂದರು. ಮೊದಲ ಸಲ ತಮ್ಮ ಬಾಗಿಲಿನ ಚಿಲಕ ಹಿಡಿದು ನಿಂತು, ಅದನ್ನು ಹಾಕಿ ತೆಗೆದು ಹಾಕಿ ತೆಗೆದು ನೋಡುತ್ತಾ, “ಐದೂ ದಿನಾ ಇಲ್ಲೇ ಬಾ. ಚಾ ಮಾಡಿ ಕೊಡ್ತೀನಿ” ಎಂದರು. “ಹಾಲಿಂದ ಚಿಂತಿ ಮಾಡಬ್ಯಾಡ. ಇನ್ನ ಮುಂದ ಒಂದ ಹನಿ ಹೊರಗ ಹೋಗಾಕ ಬಿಡೂದಿಲ್ಲ ನಾ.”

ಬರುತ್ತೇನೆ. ನೀವೂ ಚೆನ್ನಾಗಿರಿ.

ನಿಮ್ಮ ಮುಂದಿನವಳು,
ನೀಲಾಂಬಿಕೆ